ಅಟ್ಟದ ಮೇಲಿಟ್ಟ ಪಂದ್ಯ

ವೆಂಕಟೇಶ್ ಪ್ರಸಾದ್ ಆಮಿರ್ ಸೊಹೈಲ್‌ನ ಸ್ಟಂಪ್ ಎಗರಿಸಿದ ವಿಡಿಯೋ ನೋಡದವರು ನಮ್ಮಲ್ಲಿ ಯಾರೂ ಇರಲಿಕ್ಕಿಲ್ಲ. ಸೊಹೈಲ್ ಆಫ್ ಸೈಡಿಗೆ ಬೌಂಡರಿ ಬಾರಿಸ್ತಾನೆ, ಬ್ಯಾಟ್ ತೋರಿಸಿ ಏನೋ ಅಂತಾನೆ, ಮುಂದಿನ ಚೆಂಡಿಗೇ ಸ್ಟಂಪ್ ಹಾರುತ್ತೆ, ಪ್ರಸಾದ್ ಪೆವಿಲಿಯನ್ ದಾರಿ ತೋರಿಸ್ತಾರೆ. ಎಲ್ಲಾ ಸೇರಿ ಅರ್ಧ ನಿಮಿಷ. ಭಾರತ–ಪಾಕಿಸ್ತಾನ ಪಂದ್ಯ ಇದ್ದಾಗಲೆಲ್ಲ ವಾಟ್ಸಾಪಿನಲ್ಲಿ ಬಂದೇ ಬರುತ್ತೆ. ನನಗೂ ಅದು ಇಷ್ಟಾನೇ. ಆದರೆ ಆ ಅರ್ಧ ನಿಮಿಷ ಒಂದು ದಿನದ ಪಂದ್ಯವನ್ನು ಪೂರ್ತಿ ನುಂಗಿ ಹಾಕಿದೆ ಅನ್ನೋದು ನನ್ನ ತಕರಾರು.

1996ರ ಮಾರ್ಚ್ 9ರ ಆ ವಿಶ್ವಕಪ್ ಕ್ವಾರ್ಟರ್ ಫೈನಲನ್ನು ಇತ್ತೀಚೆಗೆ ಮೊದಲ ಚೆಂಡಿನಿಂದ ಕೊನೆಯ ಚೆಂಡಿನವರೆಗೆ ನೋಡಿದೆ. ಸೊಹೈಲ್ ಔಟಾಗೋದು 15ನೇ ಓವರಿನಲ್ಲಿ, ಸ್ಕೋರು 113 ಇದ್ದಾಗ. ಅಲ್ಲಿಂದ ಮುಂದೆ ಇನ್ನೂ 34 ಓವರ್ ಬಾಕಿ. ನಿಧಾನಗತಿಗೆ ದಂಡ ಅಂತ ಪಾಕಿಸ್ತಾನಕ್ಕೆ ಒಂದು ಓವರ್ ಕಡಿಮೆ ಮಾಡಿದ್ದರು, ಅದಕ್ಕೇ 49 ಓವರ್ ಲೆಕ್ಕ. ತುಣುಕಿನಲ್ಲಿ ಕಾಣದ್ದು ಇನ್ನೂ ಇದೆ. ಅದಕ್ಕೆ ಮುಂಚೆ ಸೊಹೈಲ್ ಮತ್ತು ಅನ್ವರ್ ಮೊದಲ ವಿಕೆಟ್ಟಿಗೆ 84 ರನ್ ಚಚ್ಚಿದ್ದರು, ಕ್ರೀಡಾಂಗಣಕ್ಕೆ ಕ್ರೀಡಾಂಗಣವೇ ಮಂಕಾಗಿತ್ತು. ಸೊಹೈಲ್ ಹೋದ ಮೇಲೂ ಪ್ರಸಾದ್ ಸುಮ್ಮನಾಗಲಿಲ್ಲ, ಇಜಾಜ್ ಮತ್ತು ಇಂಜಮಾಮ್ ಇಬ್ಬರನ್ನೂ ಕಳಿಸಿದರು. 132ಕ್ಕೆ ನಾಲ್ಕು. ಆಮೇಲೆ ಸಲೀಂ ಮಲಿಕ್ ಮತ್ತು ಮಿಯಾಂದಾದ್ ಕೂತುಬಿಟ್ಟರು. ಒಂದೊಂದೇ ರನ್ ಕದಿಯುತ್ತಾ, ಬೇಕಾದ ರನ್ ಗತಿ ಏರುತ್ತಾ, ಜನರ ಸದ್ದು ಏರಿ ಇಳಿಯುತ್ತಾ ಆಟ ಸಾಗುತ್ತೆ. ಆ ಕಾಯುವಿಕೆಯೇ ಪಂದ್ಯದ ಮೈಕಟ್ಟು. ಬಿದ್ದ ಒಂಬತ್ತು ವಿಕೆಟ್ಟಿನಲ್ಲಿ ಏಳು ನಮ್ಮ ಮೂವರದ್ದು: ಪ್ರಸಾದ್ 3, ಕುಂಬ್ಳೆ 3, ಶ್ರೀನಾಥ್ 1. ಅದೂ ಬೆಂಗಳೂರಿನಲ್ಲಿ, ಚಿನ್ನಸ್ವಾಮಿ ಕ್ರೀಡಾಂಗಣದ ಫ್ಲಡ್‌ಲೈಟಿನಡಿ ನಡೆದ ಮೊದಲ ಪಂದ್ಯದಲ್ಲಿ. ತುಣುಕು ಇದನ್ನು ಒಬ್ಬನ ಸಿಟ್ಟಿನ ಕಥೆ ಮಾಡುತ್ತೆ. ಪೂರ್ತಿ ನೋಡಿದರೆ ಅದು ಮೂವರು ಬೌಲರ್‌ಗಳ ತಾಳ್ಮೆಯ ಕಥೆ.

ಹೈಲೈಟ್ಸ್ ಅನ್ನೋದು ಸಾರಾಂಶ ಅಲ್ಲ ಅನ್ನೋದೇ ನನ್ನ ವಾದ. ಸಾರಾಂಶದಲ್ಲಿ ಕಾರಣಗಳಿರುತ್ತವೆ. ಹೈಲೈಟ್ಸಿನಲ್ಲಿ ಬರೀ ಫಲಿತಾಂಶಗಳ ಸಾಲು. ಬೌಂಡರಿ, ವಿಕೆಟ್, ಬೌಂಡರಿ, ವಿಕೆಟ್. ಒಂದು ಮೇಡನ್ ಓವರನ್ನು ಹೈಲೈಟ್ಸಿನಲ್ಲಿ ಯಾವತ್ತಾದರೂ ನೋಡಿದ್ದೀರಾ? ವಿಕೆಟ್ ಬೀಳೋದು ಎಷ್ಟೋ ಸಲ ಅದಕ್ಕೆ ಮುಂಚಿನ ಎರಡು ಖಾಲಿ ಓವರುಗಳಿಂದ.

ನಮ್ಮ ಕಡೆ, ಅಂದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ, ಇದನ್ನು ಅರ್ಥ ಮಾಡಿಸೋದು ಸುಲಭ. ಉಂಡೆ ಕೊಬ್ಬರಿ ಮಾಡೋಕೆ ಬಲಿತ ಕಾಯನ್ನು ಒಡೆಯದೆ ಇಡಿಯಾಗಿ ಅಟ್ಟಕ್ಕೆ ಹಾಕ್ತೀವಿ. ಹತ್ತು, ಹನ್ನೊಂದು ತಿಂಗಳು ಅದರ ಪಾಡಿಗೆ ಬಿಡ್ತೀವಿ. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಡಗಡ ಅನ್ನೋವರೆಗೂ ಮುಟ್ಟಲ್ಲ. ತುರಿದ ಕಾಯಿ ಅವತ್ತಿನ ಚಟ್ನಿಗೆ ಸರಿ, ಮಾರನೇ ದಿನಕ್ಕೆ ಹಳಸುತ್ತೆ. ಪಂದ್ಯವನ್ನೂ ಇಡಿಯಾಗಿ ಇಟ್ಟರೇ ವರ್ಷಗಳಾದ ಮೇಲೆ ಬೆಲೆ.

ಹಾಗೆ ಇಟ್ಟವರು ಯಾರು? ಪ್ರಸಾರದ ಹಕ್ಕು ಕೊಂಡ ಕಂಪನಿಗಳು ನೇರಪ್ರಸಾರ ಮಾರುತ್ತವೆ, ಅದು ಮುಗಿದ ಮೇಲೆ ತುಣುಕು ಮಾರುತ್ತವೆ. ಹಳೇ ಪಂದ್ಯವನ್ನು ಪೂರ್ತಿ ಇಟ್ಟಿದ್ದು ಬಹುಪಾಲು ಅಭಿಮಾನಿಗಳೇ. ಮೆಲ್ಬರ್ನ್‌ನ ರಾಬ್ ಮೂಡಿ ಅನ್ನೋ ಒಬ್ಬ ಅಭಿಮಾನಿ 1980ರ ದಶಕದಿಂದ ಟಿವಿಯಲ್ಲಿ ಬಂದ ಕ್ರಿಕೆಟ್ಟನ್ನು ವಿಎಚ್‌ಎಸ್ ಕ್ಯಾಸೆಟ್ಟಿಗೆ ತುಂಬಿಕೊಂಡು ಬಂದು ಯೂಟ್ಯೂಬಿಗೆ ಹಾಕಿದ್ದರಿಂದ ಎಷ್ಟೋ ಆಟ ಲೋಕಕ್ಕೆ ಉಳಿದಿದೆ. ಅವರ ಹಾಗೆ ಹೆಸರಿಲ್ಲದ ನೂರಾರು ಜನ ಟೆಲಿಗ್ರಾಮ್ ಗುಂಪುಗಳಲ್ಲಿ ಇದ್ದಾರೆ. ಒಬ್ಬರ ಹತ್ತಿರ ಮೊದಲ ಇನ್ನಿಂಗ್ಸ್ ಇರುತ್ತೆ, ಇನ್ನೊಬ್ಬರ ಹತ್ತಿರ ಎರಡನೇದು. ಒಂದು ಕ್ಯಾಸೆಟ್ಟಿನಲ್ಲಿ ಧ್ವನಿ ಕೆಟ್ಟಿದ್ದರೆ ಇನ್ನೊಂದರ ಧ್ವನಿ ತಂದು ಜೋಡಿಸ್ತಾರೆ. ಒಳ್ಳೆಯ ಗುಂಪುಗಳಲ್ಲಿ ಫೈಲಿನ ಹೆಸರಿನಲ್ಲಿ ಗೆದ್ದವರು ಯಾರು ಅಂತ ಬರೆಯೋ ಹಾಗಿಲ್ಲ. ಮೂವತ್ತು ವರ್ಷದ ಹಿಂದಿನ ಪಂದ್ಯವಾದರೂ ಸರಿ, ಫಲಿತಾಂಶ ಬಾಯಿ ಬಿಡಬಾರದು! ಕೇಳಿದರೆ ತಮಾಷೆ ಅನ್ನಿಸುತ್ತೆ. ಆದರೆ ಪಂದ್ಯವನ್ನು ಪಂದ್ಯವಾಗಿ ನೋಡಬೇಕು ಅನ್ನೋ ಮರ್ಯಾದೆ ಅದು.

"ಮುಗಿದು ಹೋದ ಮ್ಯಾಚನ್ನ ಎಂಟು ಗಂಟೆ ಕೂತು ನೋಡಕ್ಕೆ ಯಾವನಿಗಪ್ಪಾ ಪುರುಸೊತ್ತು?" ಅಂತ ಊರಲ್ಲಿ ಚಿಕ್ಕಪ್ಪ ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರ ಏನಂದರೆ, ನಮ್ಮಂಥ ಹಳ್ಳಿಯವರಿಗೆ ಅದು ಮರುಪ್ರಸಾರ ಅಲ್ಲ. ಆಗ ಬೀದಿಗೆ ಒಂದೋ ಎರಡೋ ಟಿವಿ. ಕರೆಂಟು ಯಾವಾಗ ಹೋಗುತ್ತೆ, ಯಾವಾಗ ಬರುತ್ತೆ ಹೇಳೋ ಹಾಗಿರಲಿಲ್ಲ. ಗಾಳಿ ಬಂದರೆ ಆಂಟೆನಾ ತಿರುಗೋದು, ಒಬ್ಬ ಹೆಂಚಿನ ಮೇಲೆ ಹತ್ತಿ "ಬಂತಾ? ಬಂತಾ?" ಅಂತ ಕೂಗೋದು. ಹತ್ತು ಓವರ್ ನೋಡಿದ್ದು, ಹದಿನೈದು ಓವರ್ ರೇಡಿಯೋದಲ್ಲಿ ಕೇಳಿದ್ದು, ಉಳಿದದ್ದು ಮಾರನೇ ದಿನ ಬಸ್ ಸ್ಟ್ಯಾಂಡಿನಲ್ಲಿ ಪೇಪರ್ ಓದಿ ತಿಳಿದಿದ್ದು. ನಗರದವರಿಗೆ ಹಳೇ ಪಂದ್ಯ ನೆನಪು ಇರಬಹುದು. ನಮಗೆ ಅದು ಸಲ್ಲಬೇಕಾಗಿದ್ದ ಬಾಕಿ.

ಅದೇ ವರ್ಷ ಅಕ್ಟೋಬರ್ 21ರ ಟೈಟನ್ ಕಪ್ ಪಂದ್ಯ ನೋಡಿ. ಅದೇ ಚಿನ್ನಸ್ವಾಮಿ, ಎದುರಿಗೆ ಆಸ್ಟ್ರೇಲಿಯಾ, ಗೆಲ್ಲೋಕೆ 216 ಬೇಕು. ಸಚಿನ್ 88ಕ್ಕೆ ಔಟಾದ ಕೂಡಲೇ ಟಿವಿ ಆರಿಸಿದ ಮನೆಗಳೆಷ್ಟೋ. 164ಕ್ಕೆ ಎಂಟು ವಿಕೆಟ್ ಹೋಗಿತ್ತು. ಅಲ್ಲಿಂದ ಶ್ರೀನಾಥ್ 30, ಕುಂಬ್ಳೆ 16, ಇಬ್ಬರೂ ಔಟಾಗದೆ 52 ರನ್ ಸೇರಿಸಿ ಏಳು ಚೆಂಡು ಉಳಿದಿರುವಾಗ ಗೆಲ್ಲಿಸಿದರು. ಎದ್ದು ಹೋಗದೆ ಕೂತವರಿಗೆ ಮಾತ್ರ ಸಿಕ್ಕ ಪಂದ್ಯ ಅದು. ಪೂರ್ತಿ ಮುದ್ರಿಕೆ ಇದ್ದರೆ ಎದ್ದು ಹೋದವರಿಗೂ ಇನ್ನೊಂದು ಅವಕಾಶ.

ಇಡದೇ ಹೋದರೆ ಏನಾಗುತ್ತೆ ಅನ್ನೋದಕ್ಕೆ 1983ರ ಜೂನ್ 18ರ ಟನ್‌ಬ್ರಿಜ್ ವೆಲ್ಸ್ ಸಾಕು. ಜಿಂಬಾಬ್ವೆ ವಿರುದ್ಧ 17ಕ್ಕೆ ಐದು ವಿಕೆಟ್ ಬಿದ್ದ ಮೇಲೆ ಕಪಿಲ್ ದೇವ್ ಔಟಾಗದೆ 175 ಹೊಡೆದರು. ಒಂಬತ್ತನೇ ವಿಕೆಟ್ಟಿಗೆ ಮುರಿಯದ 126 ರನ್ ಜೊತೆಯಾಟದಲ್ಲಿ ಆ ಕಡೆ ನಿಂತವರು ನಮ್ಮ ಸೈಯದ್ ಕಿರ್ಮಾನಿ, ಔಟಾಗದೆ 24. ಆ ಆಟದ ವಿಡಿಯೋ ಇಲ್ಲ. ಕಪಿಲರ ಅಂಕಿಯಾದರೂ ಎಲ್ಲರ ಬಾಯಲ್ಲಿ ಉಳಿಯಿತು. ಕಿರ್ಮಾನಿ ಹೇಗೆ ನಿಂತರು, ಯಾವ ಚೆಂಡು ಬಿಟ್ಟರು, ಯಾವುದು ತಡೆದರು ಅನ್ನೋದು ಹೋಯ್ತು. ಹಾಗೇನೇ 1974ರ ರಣಜಿ ಸೆಮಿಫೈನಲ್. ಸತತ 15 ವರ್ಷ ಗೆದ್ದಿದ್ದ ಬಾಂಬೆಯನ್ನು ಕರ್ನಾಟಕ ಬೆಂಗಳೂರಿನಲ್ಲಿ ತಡೆದ ಪಂದ್ಯ, ಪ್ರಸನ್ನ ಗಾವಸ್ಕರ್‌ರನ್ನು ಬೌಲ್ಡ್ ಮಾಡಿದ ಪಂದ್ಯ. ಬೆಂಗಳೂರಿಗೆ ಆಗಿನ್ನೂ ದೂರದರ್ಶನವೇ ಬಂದಿರಲಿಲ್ಲ. ಆ ಚೆಂಡು ಈಗ ಇರೋದು ಹಿರಿಯರ ಮಾತಿನಲ್ಲಿ ಮಾತ್ರ.

ಇದು ಬಡ ದೇಶದ ಸಮಸ್ಯೆ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ 1967ರ ಮೊದಲ ಸೂಪರ್ ಬೌಲನ್ನು ಎರಡು ಚಾನೆಲ್ ಪ್ರಸಾರ ಮಾಡಿದರೂ ಪೂರ್ತಿ ಟೇಪನ್ನು ಎರಡೂ ಉಳಿಸಿಕೊಳ್ಳಲಿಲ್ಲ. ದಶಕಗಳಾದ ಮೇಲೆ ಅದರ ಬಹುಭಾಗ ಸಿಕ್ಕಿದ್ದು ಒಬ್ಬ ಪ್ರೇಕ್ಷಕ ಮಾಡಿಕೊಂಡಿದ್ದ ಟೇಪಿನಲ್ಲಿ, ಮನೆಯ ಅಟ್ಟದ ಮೇಲೆ.

ಹಾಗಾದರೆ ಇದು ಕಳ್ಳತನ ಅಲ್ವಾ? ನಿನ್ನೆ ನಡೆದ ಪಂದ್ಯವನ್ನು ಎಗರಿಸಿ ಹಂಚೋದು ಕಳ್ಳತನವೇ, ಅದಕ್ಕೆ ನಾನು ವಕಾಲತ್ತು ವಹಿಸಲ್ಲ. ಹಳೇದರ ಮಾತು ಬೇರೆ. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಸಾರಕರಿಗೆ ಕೊಡೋ ಪ್ರಸಾರದ ಹಕ್ಕು 25 ವರ್ಷದ್ದು. ಆ ಲೆಕ್ಕದಲ್ಲಿ 1996ರ ಪ್ರಸಾರದ ಹಕ್ಕು 2021ರ ಕೊನೆಗೆ ಮುಗೀತು. ಆದರೆ ಅದೇ ದೃಶ್ಯವನ್ನು ಸಿನಿಮಾ ಲೆಕ್ಕದಲ್ಲಿ ಹಿಡಿದರೆ 60 ವರ್ಷ. ಈ ಎರಡರ ನಡುವೆ ಅಭಿಮಾನಿ ಹಾಕಿದ ಲಿಂಕು ಇವತ್ತು ಇರುತ್ತೆ, ನಾಳೆ ಹೋಗುತ್ತೆ. ಹಕ್ಕಿದ್ದವರು ತಾವೇ ಪೂರ್ತಿ ಪಂದ್ಯ ಹಾಕಿ ದುಡ್ಡು ಕೇಳಲಿ, ಕೊಡೋಣ. ತಾವೂ ಕೊಡಲ್ಲ, ಇಟ್ಟವರನ್ನೂ ಬಿಡಲ್ಲ ಅಂದರೆ ಹೇಗೆ?

ಅಭಿಮಾನಿಗಳನ್ನೂ ಸುಮ್ಮನೆ ಹೊಗಳೋಕೆ ಆಗಲ್ಲ. ನಾನು ನೋಡಿರೋ ಗುಂಪುಗಳಲ್ಲಿ ನಾವು ಗೆದ್ದ ಪಂದ್ಯಕ್ಕೆ ಹತ್ತು ಪ್ರತಿ, ಸೋತಿದ್ದಕ್ಕೆ ಒಂದೂ ಇಲ್ಲ. ಮಹಿಳೆಯರ ಪಂದ್ಯ ಕೇಳಿದರೆ ಉತ್ತರವೇ ಬರಲ್ಲ. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಗ್ಲೇಡ್ಸಿನಲ್ಲಿ ನಡೆದ ರಣಜಿ ಫೈನಲ್ ನೆನಪಿದೆಯಾ? 338ರ ಬೆನ್ನು ಹತ್ತಿ, ಮನೀಶ್ ಪಾಂಡೆ 144 ಹೊಡೆದು, ಕರ್ನಾಟಕ ಮುಂಬೈಗೆ ಬರೀ ಆರು ರನ್ನಿನಿಂದ ಸೋತ ಪಂದ್ಯ. ನಾನು ಕೇಳದ ಗುಂಪಿಲ್ಲ, ಪೂರ್ತಿ ಇನ್ನೂ ಸಿಕ್ಕಿಲ್ಲ. ಇನ್ನೊಂದು: ಐಪಿಎಲ್‌ಗೆ ಈಗ ಕನ್ನಡ ಕಾಮೆಂಟರಿ ಬರುತ್ತೆ, ಆದರೆ ಗುಂಪುಗಳಲ್ಲಿ ಇಟ್ಟುಕೊಳ್ಳೋದು ಇಂಗ್ಲಿಷ್ ಧ್ವನಿಯ ಫೈಲನ್ನೇ. ಇನ್ನು ಇಪ್ಪತ್ತು ವರ್ಷಕ್ಕೆ ಕನ್ನಡದಲ್ಲಿ ಆಟ ಹೇಗೆ ಹೇಳ್ತಿದ್ರು ಅಂತ ಯಾರಾದರೂ ಹುಡುಕಿದರೆ ಏನು ತೋರಿಸ್ತೀವಿ?

ಆದ್ದರಿಂದ ಎರಡು ಕೋರಿಕೆ. ರೆಕಾರ್ಡ್ ಮಾಡಿಟ್ಟುಕೊಳ್ಳೋ ಗೆಳೆಯರೇ, ಕನ್ನಡ ಧ್ವನಿ ಇದ್ದರೆ ಅದನ್ನೂ ಇಡಿ, ಸೋತ ಪಂದ್ಯವನ್ನೂ ಇಡಿ, ನಡುವಿನ ಜಾಹೀರಾತನ್ನು ಕತ್ತರಿಸಬೇಡಿ, ಅದೂ ಆ ಕಾಲದ ಸಾಕ್ಷಿಯೇ. ಮನೆಯಲ್ಲಿ ಹಳೇ ವಿಎಚ್‌ಎಸ್ ಕ್ಯಾಸೆಟ್ ಇರೋರು, ಮೇಲೆ "ಮದುವೆ" ಅಂತ ಬರೆದಿದ್ದರೂ ಒಂದು ಸಲ ಕೊನೇವರೆಗೆ ಓಡಿಸಿ ನೋಡಿ. ಮದುವೆ ಮುಗಿದ ಮೇಲೆ ಉಳಿದ ಟೇಪಿಗೆ ಯಾರೋ ಮ್ಯಾಚ್ ತುಂಬಿಸಿರಬಹುದು. ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯೋದರೊಳಗೆ ಕಂಪ್ಯೂಟರಿಗೆ ಇಳಿಸಬೇಕು. ಈ ಮಳೆಗಾಲಕ್ಕೆ ಮುಂಚೆಯೇ ಆದರೆ ಒಳ್ಳೇದು.