ತಾಳ ತಪ್ಪಿಸದ ಲೈಬ್ರರಿ ಯಾವುದು?

ರಿಯಲ್‌ಟೈಮ್ ಆಡಿಯೊ ಪ್ರೋಗ್ರಾಂ ಬರೆಯಹೊರಟವರು ಲೈಬ್ರರಿ ಆರಿಸುವಾಗ ಮೊದಲು ನೋಡುವುದು ಅದು ಎಲ್ಲೆಲ್ಲಿ ಓಡುತ್ತದೆ ಎಂಬುದನ್ನು. ವಿಂಡೋಸ್‌ನ ವಾಸಾಪಿ, ಮ್ಯಾಕ್‌ನ ಕೋರ್ ಆಡಿಯೊ, ಲಿನಕ್ಸ್‌ನ ಆಲ್ಸಾ, ಜ್ಯಾಕ್ ಇವೆಲ್ಲ ಹೆಸರುಳ್ಳ ಲೈಬ್ರರಿಗಳಲ್ಲಿ ಹೇಗೂ ಇರುತ್ತವೆ. ಆ ಪಟ್ಟಿ ನೋಡಿ ಆಯ್ಕೆ ಮಾಡಲಾಗದು. ನಾನು ಕೇಳುವ ಪ್ರಶ್ನೆ ಬೇರೆ: ಕೀ ಒತ್ತಿದ ಹೊತ್ತು, ಧ್ವನಿ ಹೊರಡುವ ಹೊತ್ತು, ಎರಡನ್ನೂ ಒಂದೇ ಗಡಿಯಾರದಲ್ಲಿ ಅಳೆಯಲು ಅದು ಅನುವು ಮಾಡಿಕೊಡುತ್ತದೆಯೇ?

48,000 ಹರ್ಟ್ಸ್‌ನಲ್ಲಿ 512 ಫ್ರೇಮ್‌ಗಳ ಬಫರ್ ಎಂದರೆ ಸುಮಾರು 10.7 ಮಿಲಿಸೆಕೆಂಡ್. ಕೀ ಒತ್ತಿದಾಗ ಬರುವ ಮಿಡಿ ಸಂದೇಶಗಳನ್ನೆಲ್ಲ ಮುಂದಿನ ಬಫರ್‌ನ ಆರಂಭಕ್ಕೇ ಹಾಕಿಬಿಟ್ಟರೆ, ವಾದಕ 60 ಮಿಲಿಸೆಕೆಂಡ್‌ಗೊಂದರಂತೆ ಸಮವಾಗಿ ನುಡಿಸಿದ ಸ್ವರಗಳು ಒಮ್ಮೆ 53, ಇನ್ನೊಮ್ಮೆ 64 ಮಿಲಿಸೆಕೆಂಡ್ ಅಂತರದಲ್ಲಿ ಹೊರಬೀಳುತ್ತವೆ. ತಡ ಒಂದೇ ಸಮನಾಗಿದ್ದರೆ ಕೈ ಅದಕ್ಕೆ ಹೊಂದಿಕೊಂಡೀತು. ಹೀಗೆ ಏರುಪೇರಾದರೆ ಹೊಂದಿಕೊಳ್ಳುವುದು ಯಾವುದಕ್ಕೆ? ದ್ರುತದ ನಡೆ ಕೆಡುವುದೇ ಇಲ್ಲಿ.

ಗ್ಯಾರಿ ಸ್ಕಾವೋನ್ ಅವರ ಆರ್‌ಟಿಆಡಿಯೊ, ಆರ್‌ಟಿಮಿಡಿ ಜೋಡಿ ಕಲಿಯಲು ಬಲು ಸಲೀಸು. ಕೆಲವೇ ಫೈಲ್‌ಗಳನ್ನು ಸೇರಿಸಿಕೊಂಡರೆ ಕೆಲಸ ಶುರು. ಆದರೆ ಆರ್‌ಟಿಮಿಡಿ ಹೇಳುವುದು ಹಿಂದಿನ ಸಂದೇಶ ಬಂದು ಎಷ್ಟು ಹೊತ್ತಾಯಿತು ಎಂದು. ಆರ್‌ಟಿಆಡಿಯೊ ಹೇಳುವುದು ಸ್ಟ್ರೀಮ್ ಶುರುವಾಗಿ ಎಷ್ಟು ಹೊತ್ತಾಯಿತು ಎಂದು. ಎರಡನ್ನೂ ತಾಳೆ ಹಾಕುವ ಹೊಣೆ ಪೂರ್ತಿ ನಮ್ಮದೇ.

ರಾಸ್ ಬೆನ್ಸಿನಾ ಮತ್ತು ಫಿಲ್ ಬರ್ಕ್ ಆರಂಭಿಸಿದ, ಅಡಾಸಿಟಿ ಬಳಸುವ ಪೋರ್ಟ್‌ಆಡಿಯೊ ಹಳೆಯ ಸಿ ಶೈಲಿಯದು. ಅಂದಚೆಂದ ಕಡಿಮೆ, ವಿಚಾರ ಗಟ್ಟಿ. ಪ್ರತಿ ಕಾಲ್‌ಬ್ಯಾಕ್‌ನಲ್ಲೂ ಈ ಬಫರ್‌ನ ಮೊದಲ ಸ್ಯಾಂಪಲ್ ಯಾವಾಗ ಹೊರಗೆ ಕೇಳಿಸಲಿದೆ ಎಂಬ ಅಂದಾಜನ್ನು ಕೈಗಿಡುತ್ತದೆ. ಅದರ ನಿಖರತೆ ಎಲ್ಲ ಡ್ರೈವರ್‌ಗಳಲ್ಲೂ ಒಂದೇ ಅಲ್ಲ, ನಿಜ. ರೋಜರ್ ಡ್ಯಾನೆನ್‌ಬರ್ಗ್ ಅವರ ಪೋರ್ಟ್‌ಮಿಡಿ ಇನ್ನೂ ಒಂದು ಹೆಜ್ಜೆ ಮುಂದೆ: ಸಮಯ ಹೇಳುವ ಫಂಕ್ಷನ್ ಅನ್ನು ನಾವೇ ಕೊಡಬಹುದು. ಆಡಿಯೊ ಗಡಿಯಾರವನ್ನೇ ಅಲ್ಲಿ ಕೊಟ್ಟರೆ ಎರಡೂ ಒಂದೇ ಲೆಕ್ಕಕ್ಕೆ ಬರುತ್ತವೆ. ಪೋರ್ಟ್‌ಮಿಡಿಯ ಲೆಕ್ಕ ಮಿಲಿಸೆಕೆಂಡ್‌ಗಿಂತ ಸೂಕ್ಷ್ಮವಲ್ಲ. ಅದು ದೊಡ್ಡ ಕೊರತೆಯೂ ಅಲ್ಲ; ಸೆಕೆಂಡಿಗೆ 31,250 ಬಿಟ್ ಹರಿಸುವ ಮಿಡಿ ಕೇಬಲ್‌ನಲ್ಲಿ ಒಂದು ಸ್ವರದ ಮೂರು ಬೈಟ್ ಸಾಗಲಿಕ್ಕೇ ಹೆಚ್ಚುಕಡಿಮೆ ಅಷ್ಟು ಹೊತ್ತು ಬೇಕು.

ಜ್ಯೂಸ್‌ನಲ್ಲಿ ಈ ತಾಪತ್ರಯ ಹೆಚ್ಚಿಲ್ಲ. ಪ್ರತಿ ಮಿಡಿ ಸಂದೇಶವೂ ಬಫರ್‌ನ ಎಷ್ಟನೇ ಸ್ಯಾಂಪಲ್‌ನಲ್ಲಿ ಬೀಳಬೇಕೆಂಬ ಗುರುತಿನೊಂದಿಗೇ ಬರುತ್ತದೆ. ಬದಲಿಗೆ ಇಡೀ ಪ್ರೋಗ್ರಾಂ ಅದರ ಚೌಕಟ್ಟಿಗೆ ಒಗ್ಗಬೇಕು, ಮೇಲೆ ಲೈಸೆನ್ಸ್ ಪ್ರಶ್ನೆ: ಎಂಟನೇ ಆವೃತ್ತಿಯಿಂದ ಅದು ಎಜಿಪಿಎಲ್, ಇಲ್ಲವೇ ವಾಣಿಜ್ಯ ಕರಾರು. ಒಂದೇ ಹೆಡರ್ ಫೈಲ್‌ನ ಮಿನಿಆಡಿಯೊ ಸೊಗಸಾಗಿದೆ, ಆದರೆ ಅದರಲ್ಲಿ ಮಿಡಿಯೇ ಇಲ್ಲ.

ಪ್ಲಗಿನ್ ಮಾಡುವವರು ಜ್ಯೂಸ್ ಹಿಡಿಯಲಿ. ನಾಬ್ ತಿರುಗಿದ್ದನ್ನು ಪರದೆಯ ಮೇಲೆ ತೋರಿಸುವಂಥ ಸಣ್ಣ ಸಾಧನಕ್ಕೆ ಆರ್‌ಟಿಮಿಡಿ ಧಾರಾಳ ಸಾಕು. ಕೈಯಿಂದ ನುಡಿಸುವ ವಾದ್ಯವನ್ನೇ ಸ್ವಂತವಾಗಿ ಕಟ್ಟುವುದಾದರೆ ನನ್ನ ಮತ ಪೋರ್ಟ್‌ಆಡಿಯೊ, ಪೋರ್ಟ್‌ಮಿಡಿಗೆ. ಬರೆಯಬೇಕಾದ ಕೋಡ್ ಹೆಚ್ಚು, ಆದರೆ ಆ ಕೋಡ್‌ಗೆ ಬೇಕಾದ ಸಮಯದ ಮಾಹಿತಿಯನ್ನು ಇವು ಬಚ್ಚಿಡುವುದಿಲ್ಲ.