ಎಲೆಯ ಚಿತ್ರದ ಮೇಲೆ ಪುರಿ ಸುರಿಯಬೇಡಿ

ಹೋದ ತಿಂಗಳು ತುಮಕೂರಿನಲ್ಲಿ ಪರಿಚಯದವರೊಬ್ಬರ ಗೃಹಪ್ರವೇಶ. ಹಾಲ್ ನಡುವೆ ಮರದ ಹಲಗೆ, ಅದರ ಮೇಲೆ ಚೀಸ್ ತುಂಡು, ಆಲಿವ್ ಕಾಯಿ, ಪ್ಯಾಕೆಟ್ ಒಡೆದು ಸುರಿದ ಚಿಪ್ಸು. 'ಎಲ್ಲಾ ಪರಿಸರಸ್ನೇಹಿ ಸಾರ್' ಎಂದರು. ಪಕ್ಕದಲ್ಲಿ ಬಾಳೆ ಎಲೆಯ ಚಿತ್ರ ಅಚ್ಚಾದ ಹಸಿರು ಪೇಪರ್ ತಟ್ಟೆಗಳು. ಒಂದನ್ನು ಅವರೆದುರೇ ನೀರಲ್ಲಿ ನೆನೆಸಿ ಹರಿದೆ. ಕಾಗದ ಮುದ್ದೆಯಾಗಿ ಕೈಗೆ ಬಂತು, ಹಸಿರು ಪೊರೆ ಮಾತ್ರ ಹರಿಯದೆ ಜಗ್ಗಿಕೊಂಡು ನಿಂತಿತು. ಆ ಮನೆಗೆ ನನ್ನನ್ನು ಮತ್ತೆ ಕರೆಯುವುದು ಅನುಮಾನ.

ರಾಜ್ಯದಲ್ಲಿ ಪ್ಲಾಸ್ಟಿಕ್ ತಟ್ಟೆ ನಿಷೇಧವಾಗಿದ್ದು 2016ರಲ್ಲಿ. ಆಮೇಲೆ ಪ್ಲಾಸ್ಟಿಕ್ಕು ಎಲೆಯ ವೇಷ ಕಟ್ಟಿತು. 1884ರಿಂದ ಬಣ್ಣ ಹಚ್ಚಿಸಿದ ಗುಬ್ಬಿ ನಾಟಕ ಕಂಪನಿಯವರೂ ಇದಕ್ಕೆ ತಲೆದೂಗುತ್ತಿದ್ದರೇನೋ.

ಕುರುಕಲು ಹಂಚಿ ತಿನ್ನುವ ರಸಿಕ ಮೊದಲು ನೋಡಬೇಕಾದ್ದು ತಿಂಡಿಯನ್ನಲ್ಲ, ಅದು ಕೂತ ಜಾಗವನ್ನು. ಗುಬ್ಬಿ ಕಡೆಯ ತೋಟದಲ್ಲಿ ಅಡಿಕೆ ಮರ ತಾನಾಗಿಯೇ ಹಾಳೆ ಉದುರಿಸುತ್ತದೆ, ಅದಕ್ಕಾಗಿ ಮರ ಕಡಿಯಬೇಕಿಲ್ಲ. ನೆನೆಸಿ, ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ, ಅಂಟಿಲ್ಲ, ಬಣ್ಣವಿಲ್ಲ. ಕೊಳ್ಳುವಾಗ ಮೂಸಿ ನೋಡಿ. ಮುಗ್ಗಲು ವಾಸನೆ ಬಂದರೆ, ಗೆರೆಗಳ ನಡುವೆ ಕಪ್ಪು ಚುಕ್ಕೆ ಕಂಡರೆ ಬೂಷ್ಟು ಹಿಡಿದಿದೆ, ಬಿಟ್ಟುಬಿಡಿ. ಉಗುರಲ್ಲಿ ತಟ್ಟಿದರೆ ಒಣ ಸದ್ದು ಬರಬೇಕು. ಒಂದೇ ಬಣ್ಣಕ್ಕೆ, ನುಣ್ಣಗೆ ಇರಲಿ ಎಂದು ಹುಡುಕುವವರು ಪಿಂಗಾಣಿ ಅಂಗಡಿಗೆ ಹೋಗಲಿ.

ನಿಜ ಹೇಳಬೇಕೆಂದರೆ ಅಚ್ಚಿಗೆ ಸಿಕ್ಕದ ಇಡೀ ಹಾಳೆಯೇ ಚೆಂದ. ಕುಣಿಗಲ್ ಹತ್ತಿರ ನಮ್ಮ ಸೋದರತ್ತೆಯ ಮನೆ. ನನಗಾಗ ಹತ್ತು ವರ್ಷ. ಜಡಿ ಮಳೆ, ಕರೆಂಟಿಲ್ಲ. ಅತ್ತೆ ಮೊಳಕ್ಕಿಂತ ಉದ್ದದ ಹಾಳೆಯ ಒಳಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಜಗಲಿಯಲ್ಲಿ ಹಾಸಿ ಪುರಿ ಸುರಿದರು. ನನಗೆ ಬೇರೆ ತಟ್ಟೆ ಬೇಕೆಂದು ಹಟ ಮಾಡಿದೆ. 'ತಟ್ಟೆ ಬೇರೆ ಮಾಡ್ಕಂಡು ಮೂಲೆಗೆ ಕೂತ್ರೆ ಹೊಟ್ಟೆ ತುಂಬುತ್ತೆ ಕಣೋ, ಮಾತು ಎಲ್ಲಿಂದ ಬತ್ತದೆ?' ಎಂದರು. ಆರು ಕೈ ಒಂದೇ ರಾಶಿಗೆ ಇಳಿದವು. ಕಡಲೆಬೀಜ ಯಾರು ಆರಿಸಿಕೊಳ್ಳುತ್ತಾರೆ ಎಂದು ಎಲ್ಲರ ಕಣ್ಣೂ ಎಲ್ಲರ ಬೆರಳ ಮೇಲೆ. ಅವತ್ತಿನಿಂದ ನಾನು ಹಾಳೆಯ ಪಕ್ಷ.

ಇನ್ನು ಪುರಿ. (ದಾವಣಗೆರೆಯವರು ಮಂಡಕ್ಕಿ ಎನ್ನಲಿ, ಜಗಳವಿಲ್ಲ.) ಎಣ್ಣೆ, ಅರಿಶಿನ, ಕರಿಬೇವು, ಬೆಳ್ಳುಳ್ಳಿಯ ಒಗ್ಗರಣೆ ಪೂರ್ತಿ ಆರಿದ ಮೇಲೆ ಕಲಸಿ. ಈರುಳ್ಳಿಯನ್ನು ಕೈಗಳು ಇಳಿಯುವ ಗಳಿಗೆಯಲ್ಲಿ ಹಾಕಿ, ಮೊದಲೇ ಹಾಕಿದರೆ ಪುರಿ ಮೆತ್ತಗಾಗಿ ಹಲ್ಲಿಗೆ ಅಂಟುತ್ತದೆ. ನಿಪ್ಪಟ್ಟು, ಕೋಡುಬಳೆ ಅಂಚಿಗೆ. ಚಟ್ನಿ ಬೇಕೇ ಬೇಕೆಂದರೆ ಕರಟದಲ್ಲಿ.

ಹಣ್ಣೆಂದರೆ ಕಿವಿ, ಸ್ಟ್ರಾಬೆರಿ ಎನ್ನುವವರು ಗುಬ್ಬಿ ತಾಲ್ಲೂಕಿನ ಚೇಳೂರಿನ ಹೆಸರನ್ನೇ ಕೇಳಿಲ್ಲ. ಅಲ್ಲಿನ ತೋಟವೊಂದರಲ್ಲಿ ಸಿಕ್ಕ ಮರವನ್ನು ಹಿರೇಹಳ್ಳಿಯ ತೋಟಗಾರಿಕಾ ಸಂಶೋಧನಾ ಕೇಂದ್ರದವರು 'ಸಿದ್ದು' ಹಲಸೆಂದು ಹೆಸರಾಗಿಸಿದರು. ತಾಮ್ರಗೆಂಪು ತೊಳೆ, ಹಣ್ಣು 2.5 ಕೆಜಿ ಆಸುಪಾಸು. ಒಂದು ಕೂಟಕ್ಕೆ ಒಂದು ಹಣ್ಣು ಸರಿಹೋಗುತ್ತದೆ. ಸಿಪ್ಪೆ ದನಕ್ಕೆ.

ಕ್ಯಾತಸಂದ್ರದ ತಟ್ಟೆ ಇಡ್ಲಿ ಇಡಬಹುದೇ ಎಂದು ಕೇಳುವವರಿದ್ದಾರೆ. ಬೇಡ, ಅದು ಹೊಟ್ಟೆಗೆ, ಹರಟೆಗಲ್ಲ. ತಿನ್ನುವುದಾದರೆ ಬೇಯಿಸುವಾಗ ಹಾಸಿದ್ದು ಬಟ್ಟೆಯೋ ಪ್ಲಾಸ್ಟಿಕ್ಕೋ ಎಂದು ಇಣುಕಿ ನೋಡಿ. ಆ ಪ್ಲಾಸ್ಟಿಕ್ ಹಾಳೆಯನ್ನು ಸರ್ಕಾರ ಬೇಡವೆಂದಿದ್ದು 2025ರಲ್ಲಿ, ಅಷ್ಟು ತಡವಾಗಿ.

ಕೊನೆಗೆ ತಿಪಟೂರಿನ ಕೊಬ್ಬರಿ. ತುರಿಯಬೇಡಿ. ಎರಡು ಹೋಳು ಮಾಡಿ, ಒಂದು ಬಟ್ಟಲಿಗೆ ಹುರಿಗಡಲೆ, ಇನ್ನೊಂದಕ್ಕೆ ಬೆಲ್ಲದ ಚೂರು ತುಂಬಿ ರಾಶಿಯ ನಡುವೆ ಕೂರಿಸಿ. ಕಡಲೆ, ಬೆಲ್ಲ ಖಾಲಿಯಾದ ಮೇಲೆ ಬಟ್ಟಲನ್ನೇ ಮುರಿದು ಹಂಚಿ. ದೊಡ್ಡ ಚೂರು ಚಿಕ್ಕ ಮಕ್ಕಳಿಗೆ. ಹಾಳೆ ಕೊಡವಿ ತೆಂಗಿನ ಬುಡಕ್ಕೆ ಹಾಕಿ ಬನ್ನಿ, ಅಷ್ಟರಲ್ಲಿ ಕಾಫಿ ಆಗಿರುತ್ತದೆ.