ಸವಾರನಿಲ್ಲದ ಕುದುರೆ

ಸಾಂಚಿ ಎಂದೊಡನೆ ಎಲ್ಲರ ಕಣ್ಣಿಗೆ ಕಟ್ಟುವುದು ಪೂರ್ವ ತೋರಣದ ಯಕ್ಷಿ. ಮಾವಿನ ಕೊಂಬೆ ಹಿಡಿದು ಬಳುಕಿ ನಿಂತ ಅವಳು ಪುಸ್ತಕದ ಮುಖಪುಟಗಳನ್ನೂ ಪ್ರವಾಸಿ ಭಿತ್ತಿಪತ್ರಗಳನ್ನೂ ಆಳುತ್ತಿದ್ದಾಳೆ. ಚೆಲುವೆಯೇನೋ ಹೌದು. ಆದರೆ ಅವಳ ತಲೆಯ ಮೇಲೆ, ಅದೇ ತೋರಣದ ನಡುವಿನ ಅಡ್ಡತೊಲೆಯ ಮುಂಭಾಗದಲ್ಲಿ, ಕ್ರಿ.ಪೂ. ಒಂದನೇ ಶತಮಾನದ ಭಾರತೀಯ ಶಿಲ್ಪದ ಅತಿ ಧೀರ ಕಲ್ಪನೆಯೊಂದಿದೆ. ಅದರ ಬಗ್ಗೆ ನಮ್ಮಲ್ಲಿ ಆಗಬೇಕಾದಷ್ಟು ಮಾತು ಆಗಿಲ್ಲ.

ವಿಷಯ ಮಹಾಭಿನಿಷ್ಕ್ರಮಣ, ರಾಜಕುಮಾರ ಸಿದ್ಧಾರ್ಥ ರಾತ್ರಿ ಮನೆ ತೊರೆದು ಹೊರಟ ಪ್ರಸಂಗ. ಎಡಗಡೆ ಅವನ ಊರು ಕಪಿಲವಸ್ತು, ಅದರ ಬಾಗಿಲಿನಿಂದ ಅವನ ಕುದುರೆ ಕಂಥಕ ಹೊರಡುತ್ತದೆ. ಗೊರಸು ಸದ್ದಾಗದಂತೆ ಯಕ್ಷರು ಅಂಗೈಯಲ್ಲಿ ಅದನ್ನು ಎತ್ತಿ ಹಿಡಿದಿದ್ದಾರೆ. ಪಕ್ಕದಲ್ಲಿ ಸಾರಥಿ ಛನ್ನ ಸತ್ತಿಗೆ ಹಿಡಿದಿದ್ದಾನೆ. ಸತ್ತಿಗೆಯ ಕೆಳಗೆ, ಕುದುರೆಯ ಬೆನ್ನ ಮೇಲೆ, ಯಾರೂ ಇಲ್ಲ. ಇದೇ ಗುಂಪು ಬಲಕ್ಕೆ ಸಾಗುತ್ತ ನಾಲ್ಕು ಬಾರಿ ಬರುತ್ತದೆ. ಬಲತುದಿಯಲ್ಲಿ ಎರಡು ದೊಡ್ಡ ಪಾದಮುದ್ರೆಗಳು. ಸತ್ತಿಗೆ ಈಗ ಅವುಗಳ ಮೇಲಿದೆ. ಪಾದಮುದ್ರೆಗಳ ಕೆಳಗಡೆ ಕಂಥಕ ಊರಿನತ್ತ ಮುಖಮಾಡಿ ಮರಳುತ್ತಿದೆ. ಅದೇ ಕುದುರೆ, ಅದೇ ಬರಿಯ ಬೆನ್ನು, ಆದರೆ ಮೇಲೆ ಸತ್ತಿಗೆಯಿಲ್ಲ.

ಇಡೀ ತೊಲೆಯ ಅರ್ಥ ಈ ಒಂದು ಬದಲಾವಣೆಯಲ್ಲಿದೆ. ಹೋಗುವಾಗಲೂ ಬರುವಾಗಲೂ ಬೆನ್ನು ಖಾಲಿ. ಆದರೂ ಮೊದಲ ನಾಲ್ಕರಲ್ಲಿ ರಾಜಕುಮಾರ ಇದ್ದಾನೆ, ಕೊನೆಯದರಲ್ಲಿ ಇಲ್ಲ. ನೋಡುವವನಿಗೆ ಅನುಮಾನವೇ ಹುಟ್ಟುವುದಿಲ್ಲ. ಇಲ್ಲದ ರೂಪಕ್ಕೆ ಇರವನ್ನೂ ಅಗಲಿಕೆಯನ್ನೂ ಬೇರೆಬೇರೆಯಾಗಿ ಕೊಡಬಲ್ಲ ಶಿಲ್ಪಿ ಸಾಮಾನ್ಯನಲ್ಲ. ಕುದುರೆಯ ಹಿಂದೆ ದುಃಖಿಸುತ್ತ ಬರುವ ಮೂವರು ನಮಗೆ ಅಳುವುದನ್ನು ಕಲಿಸಬೇಕಾಗಿಲ್ಲ. ಸತ್ತಿಗೆ ಸರಿದಾಗಲೇ ಆ ಕೆಲಸ ಮುಗಿದಿದೆ.

ಕೊರತೆ ಇಲ್ಲವೆಂದಲ್ಲ. ಮುಖಗಳು ಒಂದೇ ಅಚ್ಚಿನವು, ಗುಂಪು ಇಕ್ಕಟ್ಟು. ನಡುವಿನ ಜಂಬೂವೃಕ್ಷ ಪಯಣದ ಓಟವನ್ನು ಮುರಿಯುತ್ತದೆಂದೂ ಹೇಳಬಹುದು. ಸಿದ್ಧಾರ್ಥನ ಮೊದಲ ಧ್ಯಾನವನ್ನು ನೆನಪಿಸಲು ಅದನ್ನಿಟ್ಟಿರಬೇಕೆಂಬ ಪುರಾತತ್ವಜ್ಞ ಜಾನ್ ಮಾರ್ಷಲ್ ಅವರ ಊಹೆ ನನಗೆ ಒಪ್ಪಿಗೆ.

ಒಪ್ಪಿಗೆಯಾಗದ್ದು, ಬುದ್ಧನ ರೂಪವನ್ನು ಕೆತ್ತದೆ ಗುರುತುಗಳಲ್ಲೇ ಏಕೆ ಸೂಚಿಸಿದರು ಎಂಬುದಕ್ಕೆ ವಿದ್ವಾಂಸ ಆಲ್ಫ್ರೆಡ್ ಫೂಶೆ ಮುಂದಿಟ್ಟ ವಾದ. ಯಾತ್ರಾಸ್ಥಳಗಳಲ್ಲಿ ಮಾರುತ್ತಿದ್ದ ಮರ, ಚಕ್ರ, ಸ್ತೂಪದ ಗುರುತುಗಳನ್ನೇ ಶಿಲ್ಪಿಗಳು ರೂಢಿಯಿಂದ ಮುಂದುವರಿಸಿದರಂತೆ. ಬೋಧಿವೃಕ್ಷದ ಪೂಜೆಗೆ ಇದು ಸಲ್ಲಬಹುದು. ಹೆಜ್ಜೆಹೆಜ್ಜೆಗೂ ಮುಂದೆ ಸಾಗುವ ಈ ಕಥನಕ್ಕೆ ಯಾವ ಸಿದ್ಧ ಗುರುತೂ ಸಾಲದು. ಇಲ್ಲಿ ರೂಢಿಗಿಂತ ಬುದ್ಧಿ ಹೆಚ್ಚು ಕೆಲಸ ಮಾಡಿದೆ. 1990ರಲ್ಲಿ ಕಲಾ ಇತಿಹಾಸಕಾರ್ತಿ ಸೂಸನ್ ಹಂಟಿಂಗ್ಟನ್ ಎತ್ತಿದ ಆಕ್ಷೇಪ ಇನ್ನೂ ಗಟ್ಟಿ: ಇಂಥ ಹಲವು ಫಲಕಗಳು ಬುದ್ಧನ ಬಾಳಿನ ಘಟನೆಗಳೇ ಅಲ್ಲ, ಆಮೇಲೆ ಭಕ್ತರು ಪುಣ್ಯಸ್ಥಳಗಳಲ್ಲಿ ನಡೆಸಿದ ಪೂಜೆಯ ಚಿತ್ರಗಳು ಎಂದರು. ಕೆಳಗಿನ ತೊಲೆಯಲ್ಲಿ ಅಶೋಕ ಬೋಧಿವೃಕ್ಷಕ್ಕೆ ಬರುವ ದೃಶ್ಯಕ್ಕೆ ಅದು ಸರಿ. ಆದರೆ ಮೇಲಿನ ಕುದುರೆಯನ್ನು ಯಾವ ಪೂಜೆಯೊಳಗೆ ಕೂರಿಸುವುದು? ಹೋಗಿ, ಇಳಿಸಿ, ಮರಳಿ ಬಂದ ಕ್ರಮ ಕಥೆಯದೇ. ಮರುವರ್ಷ ಇನ್ನೊಬ್ಬ ಕಲಾ ಇತಿಹಾಸಕಾರ್ತಿ ವಿದ್ಯಾ ದೆಹೇಜಿಯಾ ಒಂದೇ ಲಾಂಛನಕ್ಕೆ ಹಲವು ಅರ್ಥಗಳುಂಟೆಂದು ಉತ್ತರಿಸಿದರು. ನ್ಯಾಯವಾದ ಮಾತೇ, ಆದರೆ ಈ ತೊಲೆಯ ಮುಂದೆ ಸಡಿಲ. ಇಲ್ಲಿ ಸತ್ತಿಗೆಗೆ ಇರುವುದು ಒಂದೇ ಅರ್ಥ, ಅದೂ ಖಚಿತ.

ನಿರ್ವಾಣ ಹೊಂದಿದವನಿಗೆ ರೂಪವಿಲ್ಲ, ಆದ್ದರಿಂದ ಕೆತ್ತಲಿಲ್ಲ ಎನ್ನುವ ಸುಲಭದ ಉತ್ತರವೂ ನಿಲ್ಲದು. ಆ ರಾತ್ರಿ ಹೊರಟವನು ಇನ್ನೂ ಬುದ್ಧನಾಗಿರಲಿಲ್ಲ. ಉತ್ತರ ತೋರಣದಲ್ಲಿ ಅದೇ ಬೋಧಿಸತ್ವನನ್ನು ಹಿಂದಿನ ಜನ್ಮದ ವೆಸ್ಸಂತರನಾಗಿ, ಹೆಂಡತಿ ಮಕ್ಕಳೊಡನೆ, ಸಂಕೋಚವಿಲ್ಲದೆ ಮನುಷ್ಯರೂಪದಲ್ಲಿ ಕೆತ್ತಿದ್ದಾರೆ. ಮರೆಮಾಡಿದ್ದು ಕೊನೆಯ ಜನ್ಮವನ್ನು ಮಾತ್ರ. ಮುಂದೆ ಗಾಂಧಾರದಲ್ಲಿ ರಾಜಕುಮಾರ ಕುದುರೆಯ ಮೇಲೆ ಕಣ್ಣಿಗೆ ಕಾಣುವಂತೆ ಕುಳಿತ. ಗೊರಸು ಹಿಡಿದವರೂ ಅಲ್ಲಿದ್ದಾರೆ. ಆ ಫಲಕಗಳಲ್ಲಿ ಕುಸುರಿಯಿದೆ, ಗಾಂಭೀರ್ಯವಿದೆ. ಆದರೆ ಸವಾರ ಕಂಡೊಡನೆ ಸತ್ತಿಗೆ ಬರಿಯ ರಾಜಚಿಹ್ನೆಯಾಗುತ್ತದೆ. ಸಾಂಚಿಯ ಶಿಲ್ಪಿ ಅದರ ಮೇಲೆ ಹೊರಿಸಿದ್ದ ಭಾರ ಅಲ್ಲಿಲ್ಲ.